ಸಂಜೆಯವರೆಗೂ ಕರಗದ ಬಣ್ಣ

ಬಣ್ಣ ಕರಗಿದ ರಾಮನನ್ನು ಕಂಡು ಊರಿಗೆ ಊರೇ ನಕ್ಕಿತು.

ನಕ್ಕವರದು ತಪ್ಪೇನಲ್ಲ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಆಗಲೇ ರಾಮನ ಹಣೆಯ ನೀಲಿ ಮೂಗಿಗೆ ಬಂದಿತ್ತು. ಹುಬ್ಬಿನ ಕಪ್ಪು ಕೆನ್ನೆಗೆ ಇಳಿದಿತ್ತು. ತುಟಿಯ ಕೆಂಪು ಗದ್ದದಿಂದ ತೊಟ್ಟಿಕ್ಕಿ ಹಳದಿ ಅಂಗಿಯ ಮೇಲೆ ಬಿದ್ದಿತ್ತು.

"ಸೀತಿ ಕಳಕೊಂಡಾನಲ್ಲವಾ, ಅದಕ್ಕ ಅಳಾಕತ್ತಾನ," ಎಂದಳು ಒಬ್ಬಳು ಮುದುಕಿ.

ಕಟ್ಟೆಯ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡರು.

ರಾಮನ ವೇಷದೊಳಗಿದ್ದ ಹುಲುಗಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಬಿಲ್ಲನ್ನು ಕಂಕುಳಲ್ಲಿ ಇರುಕಿಕೊಂಡು, ಕಿರೀಟವನ್ನು ಕೈಯಲ್ಲಿ ಹಿಡಿದು, ಹಾಡನ್ನು ಅರ್ಧಕ್ಕೇ ಬಿಟ್ಟು ಹೊಳೆಯ ದಂಡೆಗೆ ಬಂದುಬಿಟ್ಟ. ಮೇಳದವರು ಬಿಡಾರ ಹಾಕಿದ್ದು ಅಲ್ಲೇ.

ಹಗಲುವೇಷದವರ ಬದುಕೇ ಅಂಥದ್ದು. ನಾಟಕದವರಿಗಾದರೆ ಪರದೆ ಇದೆ, ದೀಪ ಇದೆ, ಬೆವರು ಒರೆಸಿಕೊಳ್ಳಲು ಮರೆ ಇದೆ. ಇವರಿಗೆ ಇರುವುದು ಬೀದಿ ಮತ್ತು ಬಿಸಿಲು. ಬೆಳಗಾಗುತ್ತಲೇ ಬಣ್ಣ ಬಳಿದುಕೊಂಡು ಮನೆಮನೆಯ ಮುಂದೆ ಹಾಡಬೇಕು, ಕುಣಿಯಬೇಕು. ಹೊತ್ತು ಮುಳುಗುವ ತನಕ ಮುಖ ತೊಳೆಯುವ ಹಾಗಿಲ್ಲ.

ಜನ ಆ ವೇಷಕ್ಕೆ ಕೈ ಮುಗಿಯುತ್ತಾರೆ. ಕೂಸುಗಳನ್ನು ತಂದು ಅದರ ಕಾಲಿಗೆ ಹಾಕುತ್ತಾರೆ. ಬೀದಿಯಲ್ಲಿ ಇರುವಷ್ಟು ಹೊತ್ತು ರಾಮ ಅಂದರೆ ರಾಮನೇ.

ಸುಂಕಯ್ಯ ತಾತನ ಮೇಳದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಯಾವ ಶಿಷ್ಯನ ಬಣ್ಣ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಒಂದು ಗೆರೆಯೂ ಕೆಡದೆ ನಿಲ್ಲುತ್ತದೋ, ಅವನಿಗೆ ತಾತ ಒಂದು ಬಣ್ಣದ ಪೆಟ್ಟಿಗೆ ಕೊಡುತ್ತಿದ್ದ. ಪೆಟ್ಟಿಗೆ ಸಿಕ್ಕವನು ತನ್ನದೇ ಮೇಳ ಕಟ್ಟಬಹುದು. ಸಿಗದವನು ಇನ್ನೊಬ್ಬರ ಮುಂದೆ ಮುಖ ಚಾಚಿಕೊಂಡು ಕೂತಿರಬೇಕು.

ಹುಲುಗಪ್ಪ ಆರು ವರ್ಷದಿಂದ ಮುಖ ಚಾಚಿಕೊಂಡೇ ಕೂತಿದ್ದ. ಅವನಿಗಿಂತ ಆಮೇಲೆ ಬಂದ ಇಬ್ಬರು ಆಗಲೇ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದರು.

ದಂಡೆಯ ಬೇವಿನ ನೆರಳಲ್ಲಿ ನಾರದ ಕೂತಿದ್ದ. ನಾರದ ಅಂದರೆ ತಾತನೇ. ಮಜ್ಜಿಗೆ ಕುಡಿಯಲು ಬಂದವನು, ತುಟಿಗೆ ತಾಗದಂತೆ ಚೊಂಬನ್ನು ಎತ್ತಿ ಹಿಡಿದು ಬಾಯಿಗೆ ಸುರಿದುಕೊಳ್ಳುತ್ತಿದ್ದ. ವಯಸ್ಸು ಎಪ್ಪತ್ತು ದಾಟಿತ್ತು. ಮುಖದ ಬಣ್ಣ ಮಾತ್ರ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು.

ಅದನ್ನು ಕಂಡು ಹುಲುಗಪ್ಪನ ಪಿತ್ತ ಇನ್ನಷ್ಟು ನೆತ್ತಿಗೇರಿತು.

"ನೀವು ನನಗ ಮೋಸ ಮಾಡಾಕತ್ತೀರಿ ತಾತ."

"ಏನು ಮೋಸ?"

"ನಿಮ್ಮ ಬಣ್ಣದಾಗ ಏನೋ ಬೆರಸ್ತೀರಿ. ನನಗ ಹೇಳಂಗಿಲ್ಲ. ದ್ಯಾವಪ್ಪಗ ಹೇಳಿದ್ರಿ, ಅಂವ ಪೆಟ್ಟಿಗಿ ತಗೊಂಡು ಹೋದ. ಅಂವ ಬರೂಕಿಂತ ಮೊದಲಿಂದ ನಾ ಇಲ್ಲಿ ಮಣ್ಣು ಹೊತ್ತೀನಿ. ನಾ ಏನು ಪಾಪ ಮಾಡೀನಿ, ಹೇಳ್ರಿ!"

"ಹೋದ ತಿಂಗಳು ನೀನೇ ಏನೋ ಬೆರಸಿದ್ದಿಯಲ್ಲ?"

ಹುಲುಗಪ್ಪನ ಬೆರಳು ಎಡಗಡೆಯ ಹುಬ್ಬಿಗೆ ಹೋಯಿತು.

ಹೋದ ತಿಂಗಳು ಅವನು ಯಾರಿಗೂ ತಿಳಿಸದೆ ಬಣ್ಣಕ್ಕೆ ಜಾಲಿ ಮರದ ಅಂಟು ಕಲಸಿ ಹಚ್ಚಿಕೊಂಡಿದ್ದ. ಬಣ್ಣ ಕರಗಲಿಲ್ಲ, ನಿಜ. ಮೊದಲ ಹಾಡಿಗೆ ಬಾಯಿ ತೆಗೆಯುತ್ತಲೇ ಬತ್ತಿದ ಕೆರೆಯ ಹಾಗೆ ಬಿರುಕು ಬಿಟ್ಟಿತು. ಸಂಜೆ ಕೀಳುವಾಗ ಎಡಗಡೆಯ ಹುಬ್ಬೂ ಅದರ ಜೊತೆಗೇ ಬಂತು. ಆಮೇಲೆ ಹದಿನೈದು ದಿನ ಮಹಾಶಯ ಒಂದೇ ಹುಬ್ಬಿನ ಲಕ್ಷ್ಮಣನಾಗಿ ಊರೂರು ತಿರುಗಿದ್ದ.

"ಅದು ಬ್ಯಾರೆ ಮಾತು," ಎಂದ.

"ಆತು. ನಾಳೆ ಒಂದೇ ಬಟ್ಟಲು, ಒಂದೇ ಕೈ. ಇಬ್ಬರಿಗೂ ನಾನೇ ಹಚ್ತೀನಿ. ಕಣ್ಣು ಬಿಟ್ಟು ನೋಡು."

ಮರುದಿನ ನಸುಕಿನಲ್ಲಿ ತಾತ ಅವನನ್ನು ಎದುರಿಗೆ ಕೂರಿಸಿಕೊಂಡ. ಕಡಲೆಹಿಟ್ಟಿನಿಂದ ಮುಖ ತಿಕ್ಕಿಸಿ ಜಿಡ್ಡು ತೆಗೆಸಿದ. ಹೊಳೆಯ ನೀರಲ್ಲಿ ಅದ್ದಿದ ಬಟ್ಟೆಯನ್ನು ಮುಖದ ಮೇಲೆ ಹಾಕಿ, ಮೈಯ ಕಾವು ಇಳಿಯುವ ತನಕ ಬಿಟ್ಟ. ಸಪೇತವೆಂಬ ಬಿಳಿ ಬಣ್ಣದ ಪುಡಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ತೆಳ್ಳಗೆ ಒಂದು ಪದರ ಹಚ್ಚಿದ. ಅದು ಒಣಗಿದ ಮೇಲೆ ಇನ್ನೊಂದು. ಅದರ ಮೇಲೆ ಪೌಡರು ಉದುರಿಸಿದ. ಕೊನೆಗೆ ಕಾಡಿಗೆ, ತುಟಿಗೆ ಕೆಂಪು.

ಅದೇ ಬಟ್ಟಲಿನಿಂದ ತನ್ನ ಮುಖಕ್ಕೂ ಹಚ್ಚಿಕೊಂಡು ಆವತ್ತು ತಾತ ಕೃಷ್ಣನಾದ.

ಹುಲುಗಪ್ಪ ರೆಪ್ಪೆ ಬಡಿಯದೆ ನೋಡಿದ. ಯಾವ ಗುಟ್ಟೂ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಾಮನ ಮುಖ ಇಳಿದುಹೋಯಿತು. ಕೃಷ್ಣನ ಮುಖ ಹಾಗೇ ಇತ್ತು.

"ಒಂದೇ ಬಟ್ಟಲು, ಒಂದೇ ಕೈ, ಆದ್ರೂ ನಂದೇ ಕರಗತೈತಿ!" ಹುಲುಗಪ್ಪ ಕಿರೀಟವನ್ನು ಮರಳಿನ ಮೇಲೆ ಕುಕ್ಕಿದ. "ಅಂದ್ರ ನನ್ನ ಚರ್ಮನೇ ಸರಿ ಇಲ್ಲ ಅಂತೀರೇನು? ಇನ್ನ ಸತ್ತ ಹಡೆದವ್ವನ ಮ್ಯಾಲೆ ಜಗಳಾಡ್ಲೇನು?"

ತಾತ ತನ್ನ ಕಾಲಿನ ಗೆಜ್ಜೆಯನ್ನು ಬಿಚ್ಚಿ ಅವನ ಬಲಗೈಯ ಮಣಿಕಟ್ಟಿಗೆ ಕಟ್ಟಿದ.

"ಇದು ಯಾಕ?"

"ನಾಳೆ ಅದೇ ಹೇಳತೈತಿ."

ಮರುದಿನ ಗೆಜ್ಜೆ ಹೇಳಿತು. ಕಿರೀಟ ಸರಿಮಾಡಿಕೊಳ್ಳಲು ಹೋದಾಗ ಝಲ್ಲೆಂದಿತು. ಮೂಗು ತುರಿಸಿದಾಗ ಝಲ್ಲೆಂದಿತು. ಯಾರದೋ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡು, ಹುಬ್ಬು ನೆಟ್ಟಗಿದೆಯೋ ಎಂದು ಬೆರಳು ಹೋಯಿತು, ಆಗಲೂ ಝಲ್ಲೆಂದಿತು. ನಾಲ್ಕು ಮನೆ ದಾಟುವುದರೊಳಗೆ ಆ ಸದ್ದು ಕೇಳಿ ಅವನ ಕಿವಿ ಸೋತುಹೋಯಿತು.

"ಯಾಕೋ ರಾಮಪ್ಪಾ, ನೊಣ ಹೊಡಿಯಾಕತ್ತೀಯೇನು?" ಎಂದು ಮೊರದ ಹಿಂದೆ ಕೂತ ಹೆಂಗಸೊಬ್ಬಳು ಕೇಳಿದಳು.

ಸಂಜೆ ಅವನು ಗೆಜ್ಜೆಯನ್ನು ತಾತನ ಮುಂದೆ ಎಸೆದ. ನಾಚಿಕೆಯಾಗಿತ್ತು, ಆದರೆ ಅದನ್ನು ಒಪ್ಪಿಕೊಳ್ಳುವ ಜಾತಿಯವನಲ್ಲ ಅವನು.

"ಕೈ ನಂದು, ಮುಖ ನಂದು. ಮುಟ್ಟಿದ್ರ ಏನಾತು?"

"ಬಣ್ಣ ಹಚ್ಚಿದ ಮ್ಯಾಲೆ ಮುಖ ನಿಂದಲ್ಲ," ಎಂದ ತಾತ. "ಹೊತ್ತು ಮುಳುಗೂ ತನಕ ಅದು ರಾಮಂದು. ಇನ್ನೊಬ್ಬರ ಮುಖ ಹಂಗ ಮುಟ್ತಾರೇನು?"

ಹುಲುಗಪ್ಪನಿಗೆ ಕೈಯನ್ನು ಹದ್ದುಬಸ್ತಿನಲ್ಲಿಟ್ಟುಕೊಳ್ಳಲು ಒಂದು ತಿಂಗಳು ಹಿಡಿಯಿತು. ಗೆಜ್ಜೆ ಸುಮ್ಮನಾಯಿತು. ಆದರೂ ಬಣ್ಣ ನಿಲ್ಲಲಿಲ್ಲ. ಯಾರೋ ಹಾಡು ಚೆನ್ನಾಗಿಲ್ಲ ಅಂದರೆ ಸಾಕು, ಯಾರೋ ಮುಂದಿನ ಮನೆಗೆ ಹೋಗು ಅಂದರೆ ಸಾಕು, ಒಳಗಿನಿಂದ ಬಿಸಿ ಎದ್ದು ಮೇಲ್ದುಟಿಯ ಮೇಲೆ ಬೆವರು ಮೂಡುತ್ತಿತ್ತು. ಹುಬ್ಬು ಗಂಟು ಹಾಕಿ ಹಣೆಯ ತಿಲಕ ನಡುವೆ ಮುರಿಯುತ್ತಿತ್ತು.

"ನೀವು ಹೇಳಿದ್ದು ಮಾಡಿದೆ. ಕೈ ಎತ್ತಲಿಲ್ಲ. ಆದ್ರೂ ಹಿಂಗ. ಸುಳ್ಳ ಕಲಿಸ್ತೀರಿ ನೀವು!"

"ಬಿಸಿಲಿಗೆ ಬರೂ ಬೆವರು ಒಣಗತೈತಿ," ಎಂದ ತಾತ. "ಸಿಟ್ಟಿಗೆ ಬರೂ ಬೆವರು ಒಣಗಂಗಿಲ್ಲ."

ಅಂದಿನಿಂದ ಹೊಸ ಪಾಠ ಶುರುವಾಯಿತು. ತಾತ ಅವನಿಗೆ ಬಣ್ಣ ಹಚ್ಚಿ, ಹೊಳೆಯ ನಡುವಿನ ಕಾದ ಬಂಡೆಯ ಮೇಲೆ ಕೂರಿಸಿ, ಎದುರಿಗೆ ನಿಂತು ಬೈಯಲು ಹತ್ತಿದ.

"ನಿಮ್ಮಪ್ಪ ಹನುಮಂತನ ಬಾಲಾನಾರ ನೆಟ್ಟಗ ಹೊತ್ತಿದ್ದ. ನಿನಗ ಅದೂ ಬರಂಗಿಲ್ಲ."

ಮೇಲ್ದುಟಿಯ ಮೇಲೆ ಬೆವರು ಮೂಡಿತು.

"ತೊಳಕೊ. ನಾಳೆ ಮತ್ತ."

ಮರುದಿನ ಅವನ ಹಾಡನ್ನು ಬೈದ. ಅದರ ಮರುದಿನ ಅವನ ನಡಿಗೆಯನ್ನು. ಎಮ್ಮೆ, ಕತ್ತೆ, ಹಂದಿ, ಯಾವುದನ್ನೂ ಬಿಡಲಿಲ್ಲ. ಹುಲುಗಪ್ಪ ಹಲ್ಲು ಕಚ್ಚಿದ, ಆಮೇಲೆ ಹಲ್ಲು ಕಚ್ಚುವುದನ್ನೂ ಬಿಟ್ಟ. ಮಾತುಗಳನ್ನು ಕಿವಿಯ ಹೊರಗೇ ನಿಲ್ಲಿಸುವುದನ್ನು ಕಲಿತ. ಎದುರಿಗಿದ್ದವರ ಮುಖ ನೋಡದೆ, ಅವರ ತಲೆಯ ಮೇಲಿನ ಖಾಲಿ ಆಕಾಶ ನೋಡುವುದನ್ನು ಕಲಿತ.

ಒಂದು ದಿನ ತಾತ ಅವನ ಸತ್ತ ತಾಯಿಯನ್ನು ಎತ್ತಿ ಒಂದು ಮಾತು ಆಡಿದ. ಯಾರೂ ಯಾರಿಗೂ ಆಡಬಾರದ ಮಾತು.

ಹುಲುಗಪ್ಪನ ಮುಖದಲ್ಲಿ ಒಂದು ಹನಿಯೂ ಮೂಡಲಿಲ್ಲ. ಹುಬ್ಬೂ ಅಲುಗಲಿಲ್ಲ.

ತಾತ ಆ ಮುಖವನ್ನು ಬಹಳ ಹೊತ್ತು ನೋಡಿದ. ಭೇಷ್ ಅನ್ನಲಿಲ್ಲ.

"ಹೊಳಿ ಆಚಿ ಊರಾಗ ಕಡೀ ದಿನ ನೀನೇ ರಾಮ," ಎಂದ. "ಅವತ್ತು ಉಳೀತು ಅಂದ್ರ ಪೆಟ್ಟಿಗಿ ನಿಂದು."

ಪೆಟ್ಟಿಗೆ ಸಿದ್ಧವಾಗಿಯೇ ಇತ್ತು. ಮಾವಿನ ಹಲಗೆಯದು, ಹಿತ್ತಾಳೆಯ ಕೊಂಡಿ, ಮುಚ್ಚಳದ ಒಳಗೆ ಅಂಗೈಯಗಲದ ಕನ್ನಡಿ. ಹುಲುಗಪ್ಪ ಅದನ್ನು ದಿನಾ ಒಂದು ಸಲ ಮುಟ್ಟಿ ನೋಡುತ್ತಿದ್ದ.

ಮೇಳ ಹೊಳೆ ದಾಟಿ ಆಚೆ ದಂಡೆಯ ಬೇವಿನ ಕೆಳಗೆ ಬಿಡಾರ ಹಾಕಿತು, ಆ ದಿನವೂ ಬಂತು. ಮುಂದೆ ರಾಮ, ಹಿಂದೆ ಹತ್ತು ಮಾರು ದೂರದಲ್ಲಿ ರಾವಣನ ವೇಷದ ತಾತ. ರಾಮ ನಡೆದ ಬೀದಿಯಲ್ಲಿ ಯಾರೂ ನಗಲಿಲ್ಲ. ಹೆಂಗಸರು ನೀರು ತಂದು ಕಾಲಿಗೆ ಹಾಕಿದರು. ಮುದುಕರು ಕಟ್ಟೆಯಿಂದ ಇಳಿದು ನಿಂತು ಕೈ ಮುಗಿದರು. ಆರು ವರ್ಷದಲ್ಲಿ ಇಂಥ ದಿನ ಹುಲುಗಪ್ಪನಿಗೆ ಬಂದಿರಲಿಲ್ಲ. ಮಧ್ಯಾಹ್ನವಾಯಿತು, ಬಣ್ಣ ಅಲುಗಲಿಲ್ಲ.

ದೊಡ್ಡಮನೆಯ ಮುಂದಿನ ನಳದ ಹತ್ತಿರ ಗದ್ದಲ ಕೇಳಿತು.

ದುರುಗವ್ವ ಎಂಬ ಹೆಂಗಸು ತನ್ನ ಕೊಡವನ್ನು ನಳಕ್ಕೆ ಹಿಡಿದಿದ್ದಳು. ದೊಡ್ಡಮನೆಯವರ ನೀರು ತುಂಬುವ ಮೊದಲು ಅವಳ ಕೇರಿಯವರು ಕೊಡ ಹಿಡಿಯಬಾರದೆಂದು ಅಲ್ಲಿ ಯಾರೋ ಯಾವಾಗಲೋ ಕಟ್ಟಳೆ ಮಾಡಿಟ್ಟಿದ್ದರು. ಮನೆಯಲ್ಲಿ ಮೊಮ್ಮಗುವಿಗೆ ಜ್ವರ, ಒಂದು ಕೊಡ ನೀರು ಬೇಕಾಗಿತ್ತು, ಅಷ್ಟೇ ಅವಳು ಮಾಡಿದ ಅಪರಾಧ. ದೊಡ್ಡಮನೆಯ ಗೌಡ ಕೊಡವನ್ನು ಒದ್ದು ಬೀದಿಗೆ ಉರುಳಿಸಿದ್ದ. ಅವಳ ತುರುಬಿಗೆ ಕೈ ಹಾಕಿದ್ದ. ನೋಡುತ್ತ ನಿಂತವರಿಗೆ ಒಬ್ಬರಿಗೂ ನಾಲಿಗೆ ಇರಲಿಲ್ಲ.

ದುರುಗವ್ವ ಬಿಡಿಸಿಕೊಂಡು ಓಡಿಬಂದು ರಾಮನ ಕಾಲ ಮೇಲೆ ಬಿದ್ದಳು.

"ನನ್ನಪ್ಪಾ, ನೀನಾರ ಹೇಳೋ! ಕೂಸಿಗೆ ನೀರು ಬೇಕು ಅಂದ್ರ ಹೊಡೀತಾರ. ನೀರು ಇವರಪ್ಪಂದೇನೋ? ನೀ ಹೇಳಿದ್ರ ಕೇಳ್ತಾರೋ ನನ್ನಪ್ಪಾ!"

ಬೀದಿಯಲ್ಲಿದ್ದ ಎಲ್ಲರೂ ರಾಮನನ್ನು ನೋಡಿದರು. ಗೌಡ ಎತ್ತಿದ್ದ ಕೈಯೂ ಅರ್ಧಕ್ಕೇ ನಿಂತಿತ್ತು. ಬೆಳಿಗ್ಗೆ ಅವನ ಹೆಂಡತಿಯೇ ಈ ಪಾದಕ್ಕೆ ನೀರು ಹಾಕಿದ್ದಳು.

ಹುಲುಗಪ್ಪನ ಮೇಲ್ದುಟಿಗೆ ಒಳಗಿನಿಂದ ಬಿಸಿ ತಾಗಿತು. ಇನ್ನೊಂದು ಗಳಿಗೆ ನಿಂತರೆ ಬೆವರು ಬರುತ್ತದೆ. ಬಾಯಿ ತೆರೆದರೆ ಸಿಟ್ಟು ಬರುತ್ತದೆ, ಹುಬ್ಬು ಗಂಟಾಗುತ್ತದೆ, ತಿಲಕ ಮುರಿಯುತ್ತದೆ, ಮಾವಿನ ಹಲಗೆಯ ಪೆಟ್ಟಿಗೆ ಹೋಗುತ್ತದೆ.

ಅವನು ದುರುಗವ್ವನ ತಲೆಯ ಮೇಲಿನ ಖಾಲಿ ಆಕಾಶ ನೋಡಿದ. ಅಭಯದ ಕೈ ಎತ್ತಿದ. ಅವಳ ಬೆರಳುಗಳಿಂದ ಪಾದ ಬಿಡಿಸಿಕೊಂಡು ಮುಂದಿನ ಮನೆಗೆ ನಡೆದ.

ಬೆನ್ನ ಹಿಂದೆ ತಾತನ ದನಿ ಕೇಳಿತು. ಆಮೇಲೆ ಬೇರೆ ದನಿಗಳು, ಏನೋ ಬಿದ್ದ ಸದ್ದು. ಕತ್ತು ಹೊರಳಿಸಿದರೆ ಕಿವಿಯ ಕೆಳಗಿನ ಬಣ್ಣ ಒಡೆಯುತ್ತದೆಂದು ಅವನು ತಿರುಗಿ ನೋಡಲಿಲ್ಲ.

ಹೊತ್ತು ಹೊಳೆಯ ಆಚೆ ಮುಳುಗುತ್ತಿದ್ದಾಗ ರಾಮ ದಂಡೆಗೆ ಬಂದ. ನೀರಿನಲ್ಲಿ ಬಗ್ಗಿ ನೋಡಿಕೊಂಡ. ಬೆಳಿಗ್ಗೆ ಹಚ್ಚಿದ ಮುಖ, ಬೆಳಿಗ್ಗೆಯದೇ ಮುಖ. ಕುಣಿಯಬೇಕೆನಿಸಿತು.

ತಾತ ಬೇವಿನ ಬುಡದಲ್ಲಿ ಕೂತಿದ್ದ. ರಾವಣನ ಮುಖವೇ ಇರಲಿಲ್ಲ. ಅರ್ಧ ಮೀಸೆ ಕಿತ್ತುಹೋಗಿತ್ತು. ಕೆಂಪು, ಕಪ್ಪು, ಬಿಳಿ ಎಲ್ಲ ಕಲಸಿ ಕುತ್ತಿಗೆಗೆ ಇಳಿದಿತ್ತು. ಬಣ್ಣ ಹೋದ ಕಡೆ ಬಲಗೆನ್ನೆ ಬಾತು ನೀಲಿಗಟ್ಟಿತ್ತು.

"ತಾತ! ಯಾರು ಮಾಡಿದ್ರು ಇದನ್ನ?"

"ಬಣ್ಣ ನಾನೇ ಒರಸಿಕೊಂಡೆ."

"ಹೊತ್ತು ಮುಳುಗೂಕಿಂತ ಮೊದಲ? ನೀವು?"

"ರಾವಣ ನ್ಯಾಯ ಹೇಳಿದ್ರ ಯಾರು ಕೇಳ್ತಾರ? ಗೌಡ ನಗಾಕ ಹತ್ತಿದ. ಮುಖ ಒರಸಿಕೊಂಡು ಸುಂಕಯ್ಯ ಆಗಿ ಹೇಳಬೇಕಾತು." ತಾತ ಕೆನ್ನೆ ಮುಟ್ಟಿಕೊಂಡ. "ಸುಂಕಯ್ಯ ಹೇಳಿದ್ರ ಇಷ್ಟು."

"ನೀರು ಸಿಕ್ಕಿತೇನು ಆಕಿಗೆ?"

"ಇಲ್ಲ."

ತಾತ ಹುಲುಗಪ್ಪನ ಕೆಡದ ಮುಖವನ್ನೇ ನೋಡುತ್ತಿದ್ದ. ಆ ನೋಟವೇ ಅವನನ್ನು ಕೆರಳಿಸಿತು. ಆರು ವರ್ಷ ದುಡಿದು ಗೆದ್ದ ದಿನವನ್ನು ಯಾರೋ ಕಸಿದುಕೊಳ್ಳುತ್ತಿದ್ದಾರೆ ಅನಿಸಿತು.

"ಹಂಗ್ಯಾಕ ನೋಡ್ತೀರಿ ನನ್ನ? ನಾ ಏನು ಮಾಡ್ಬೇಕಿತ್ತು? ಸಿಟ್ಟು ಬರಬಾರದು ಅಂದಾವ್ರು ನೀವು! ಮುಖ ಕದಲಬಾರದು ಅಂದಾವ್ರು ನೀವು! ಕಾದ ಕಲ್ಲಿನ ಮ್ಯಾಲೆ ಕುಂದ್ರಿಸಿ ನಮ್ಮವ್ವನ್ನ ಬೈದ್ರಿ, ಅದನ್ನೂ ನುಂಗಿದೆ. ನೀವು ಕಲಿಸಿದ್ದನ್ನ ನಾ ಮಾಡೀನಿ!"

"ಹೌದು," ಎಂದ ತಾತ. "ನಿನ್ನ ಬೈದಾಗ ಸುಮ್ಮನಿರು ಅಂತ ಕಲಿಸಿದೆ. ಉಳಿದದ್ದು ಹೇಳಲಿಲ್ಲ. ಹೇಳೂದು ಬ್ಯಾಡ, ತಿಳಿದಿರ್ತೈತಿ ಅಂದುಕೊಂಡೆ. ಅದು ನನ್ನ ತಪ್ಪು."

"ಮತ್ತ ನೋಡ್ರಿ ನನ್ನ ಮುಖ! ಒಂದು ಗೆರಿ ಕೆಟ್ಟೈತೇನು, ನೋಡಿ ಹೇಳ್ರಿ!"

ತಾತ ಎದ್ದು ಬಂದ. ಅವನ ಗದ್ದ ಹಿಡಿದು, ಮುಳುಗುವ ಬೆಳಕಿಗೆ ಮುಖ ತಿರುಗಿಸಿ, ಹಣೆ, ಹುಬ್ಬು, ಕೆನ್ನೆ, ತುಟಿ ಎಲ್ಲವನ್ನೂ ನೋಡಿದ. ಗದ್ದ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಆ ಮುದುಕನಿಗೆ ಅಷ್ಟು ಸಿಟ್ಟು ಬಂದದ್ದನ್ನು ಹುಲುಗಪ್ಪ ಆರು ವರ್ಷದಲ್ಲಿ ಕಂಡಿರಲಿಲ್ಲ.

"ಇಲ್ಲ," ಎಂದ ತಾತ. "ಒಂದು ಗೆರಿನೂ ಕೆಟ್ಟಿಲ್ಲ."

ಡೇರೆಯೊಳಗೆ ಹೋಗಿ ಮಾವಿನ ಹಲಗೆಯ ಪೆಟ್ಟಿಗೆ ತಂದು ಅವನ ಕೈಯಲ್ಲಿಟ್ಟ.

"ಕೊಟ್ಟ ಮಾತು. ತಗೊ."

ಪೆಟ್ಟಿಗೆ ಹುಲುಗಪ್ಪ ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಅದನ್ನು ಎದೆಗವಚಿಕೊಂಡು ನಿಂತ. ಹೊತ್ತು ಪೂರ್ತಿ ಮುಳುಗಿತು. ಇನ್ನು ಮುಖ ತೊಳೆಯಬಹುದು. ಏಕೋ ತೊಳೆಯಲು ಕೈ ಬರಲಿಲ್ಲ.

"ತಾತ, ಇನ್ನ ಹೊಂಡ್ಲೇನು?"

ತಾತ ಹೊಳೆಯ ಕಡೆ ಕೈ ತೋರಿಸಿದ.

"ಮೊದಲು ಮುಖ ತೊಳಕೊ. ತೊಳಕೊಂಡು ದುರುಗವ್ವನ ಮನಿಗೆ ಹೋಗು. ರಾಮ ನನ್ನ ಕೈ ಬಿಟ್ಟ ಅಂತ ಆಕಿ ಅಳಾಕತ್ತಾಳ. ಬಿಟ್ಟಾಂವ ರಾಮ ಅಲ್ಲ, ಹುಲುಗಪ್ಪ ಅಂತ ಹೇಳಿ ಬಾ."